ನಿಮಗಿದು ಗೊತ್ತೇ? ಮನೆಗೆ ಕೆಲಸವಿಲ್ಲದ ಸಂಗಾತಿ ಬಂದರೆ ಒಂಟಿ ತಾಯಿಯ ಭತ್ಯೆ ಏನಾಗುತ್ತದೆ?

ಒಬ್ಬ ತಾಯಿ, ಒಂದು ಮಗು. ಸರ್ಕಾರದ ನೆರವಿನಲ್ಲಿ ಹೇಗೋ ದಿನ ಸಾಗುತ್ತಿದೆ. ಅವಳಿಗೊಬ್ಬ ಗೆಳೆಯ. ಅವನಿಗೆ ಕೆಲಸವಿಲ್ಲ. ‘ಎರಡೆರಡು ಕಡೆ ಬಾಡಿಗೆ ಯಾಕೆ, ಒಂದೇ ಕಡೆ ಇರೋಣ’ ಎಂದು ಒಂದು ಸಂಜೆ ಬ್ಯಾಗು ಹಿಡಿದು ಬರುತ್ತಾನೆ. ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ. ಜೇಬಿನಲ್ಲಿ ಸೊನ್ನೆ. ಸಂಪಾದನೆಯೇ ಇಲ್ಲದವನು ಬಂದರೆ ಅವಳ ಭತ್ಯೆಗೆ ಏನೂ ಆಗಬಾರದು, ಅಲ್ಲವೇ? ಆಗುತ್ತದೆ! ಒಂದೊಂದು ದೇಶದಲ್ಲಿ ಒಂದೊಂದು ಥರ ಆಗುತ್ತದೆ. ಕೇಳುತ್ತಾ ಹೋಗಿ, ಬೆರಗಾಗುತ್ತೀರಿ!

ಮೊದಲು ಬ್ರಿಟನ್. ಅಲ್ಲಿ ‘ಯುನಿವರ್ಸಲ್ ಕ್ರೆಡಿಟ್’ ಎಂಬ ಮಾಸಿಕ ನೆರವು ಇದೆ. 25 ದಾಟಿದ ಒಂಟಿ ವ್ಯಕ್ತಿಗೆ 2025-26ರಲ್ಲಿ ಅದರ ಮೂಲ ಮೊತ್ತ ತಿಂಗಳಿಗೆ 400 ಪೌಂಡ್ 14 ಪೆನ್ಸ್. ಅವಳಿಗೆ ಅಷ್ಟು, ಬೇರೆ ಮನೆಯಲ್ಲಿರುವ ಅವನಿಗೂ ಅಷ್ಟು. ಕೂಡಿಸಿ ನೋಡಿ: 800 ಪೌಂಡ್ ಚಿಲ್ಲರೆ. ಇಬ್ಬರೂ ಒಂದೇ ಸೂರಿನಡಿ ಬಂದರೆ? ಜೋಡಿಗೆ ಸಿಗುವುದು 628 ಪೌಂಡ್ 10 ಪೆನ್ಸ್. ತಿಂಗಳಿಗೆ 172 ಪೌಂಡ್ ಮಾಯ! ವರ್ಷಕ್ಕೆ ಎರಡು ಸಾವಿರದ ಮೇಲೆ!

ಅದೇ ವರ್ಷದ ದರದಲ್ಲಿ ಇಬ್ಬರೂ 25ರ ಒಳಗಿನವರಾದರೆ ಜೋಡಿಗೆ 497 ಪೌಂಡ್ 55 ಪೆನ್ಸ್ ಮಾತ್ರ. ಆದರೆ ಇಬ್ಬರಲ್ಲಿ ಒಬ್ಬರಿಗೆ 25 ತುಂಬಿದರೂ ಸಾಕು, ಪೂರ್ತಿ 628! ಒಂದು ಹುಟ್ಟುಹಬ್ಬಕ್ಕೆ ತಿಂಗಳಿಗೆ 130 ಪೌಂಡ್ ಉಡುಗೊರೆ!

ಒಂಟಿ ಪೋಷಕರಿಗೆಂದೇ ಬ್ರಿಟನ್ನಿನಲ್ಲಿ ಪ್ರತ್ಯೇಕ ಭತ್ಯೆ ಇದೆ ಎಂದುಕೊಂಡಿದ್ದೀರಾ? ಈಗಿಲ್ಲ! ಹಿಂದೆ ಇತ್ತು, ‘ಒನ್ ಪೇರೆಂಟ್ ಬೆನಿಫಿಟ್’ ಎಂದೇ ಹೆಸರು. 1998ರಲ್ಲಿ ಹೊಸಬರಿಗೆ ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಬಡವರ ಪಕ್ಷವೆಂದೇ ಹೆಸರಾದ ಲೇಬರ್ ಸರ್ಕಾರ! 1997ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟಿನಲ್ಲಿ ಮತಕ್ಕೆ ಹಾಕಿದಾಗ ಆ ಪಕ್ಷದ 47 ಸಂಸದರು ತಮ್ಮ ಸರ್ಕಾರದ ವಿರುದ್ಧವೇ ಮತ ಹಾಕಿದರು. ಟೋನಿ ಬ್ಲೇರ್ ಗದ್ದುಗೆ ಏರಿ ಆಗಿನ್ನೂ ಏಳೇ ತಿಂಗಳಾಗಿತ್ತು!

ಉಳಿತಾಯದ ವಿಷಯ ಇನ್ನೂ ವಿಚಿತ್ರ. ಕೂಡಿಟ್ಟ ಹಣ 16,000 ಪೌಂಡ್ ದಾಟಿದರೆ ಯುನಿವರ್ಸಲ್ ಕ್ರೆಡಿಟ್ ಇಲ್ಲ. ಒಂಟಿಯಾಗಿದ್ದರೆ 16,000, ಸರಿ. ಜೋಡಿಯಾದರೆ 32,000 ಇರಬೇಕಲ್ಲವೇ? ಇಲ್ಲ! ಜೋಡಿಗೂ ಅದೇ 16,000! ಅವಳ ಹತ್ತಿರ ಕಾಸಿಲ್ಲ, ಆದರೆ ಕೆಲಸ ಕಳೆದುಕೊಂಡ ಅವನ ಖಾತೆಯಲ್ಲಿ ಹಳೆಯ ಕಂಪನಿ ಕೊಟ್ಟ 17,000 ಇದೆ ಎಂದುಕೊಳ್ಳಿ. ಅವನು ಮನೆಗೆ ಬಂದು ನೆಲೆಸಿದರೆ ಇಬ್ಬರಿಗೂ ಯುನಿವರ್ಸಲ್ ಕ್ರೆಡಿಟ್ ಬಂದ್!

ನೆರವಿನ ಒಟ್ಟು ಮೊತ್ತಕ್ಕೂ ಒಂದು ಮಿತಿ ಇದೆ. ಲಂಡನ್ನಿನ ಹೊರಗೆ ಒಂಟಿ ತಾಯಿ ಮತ್ತು ಮಕ್ಕಳಿಗೆ ವರ್ಷಕ್ಕೆ 22,020 ಪೌಂಡ್. ಗಂಡ-ಹೆಂಡತಿ ಮತ್ತು ಮಕ್ಕಳಿಗೆ ಎಷ್ಟು ಗೊತ್ತೇ? ಅದೇ 22,020! ಅವಳು ಆಗಲೇ ಆ ಮಿತಿಯನ್ನು ಮುಟ್ಟಿದ್ದರೆ, ಮನೆಗೆ ಒಂದು ಹೊಟ್ಟೆ ಹೆಚ್ಚಾದರೂ ಹೆಚ್ಚುವರಿ ಒಂದು ಪೆನ್ನಿಯೂ ಬರುವುದಿಲ್ಲ.

ಈಗ ಕೆಲಸಕ್ಕೆ ಹೋಗುವ ತಾಯಿಯ ಕಥೆ. ನನಗಂತೂ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಇದೇ. ಒಂಟಿ ತಾಯಿ ದುಡಿಯುತ್ತಿದ್ದರೆ ಮಗುವನ್ನು ನೋಡಿಕೊಳ್ಳುವ ನರ್ಸರಿಯ ಖರ್ಚಿನಲ್ಲಿ ಶೇ. 85ನ್ನು ಯುನಿವರ್ಸಲ್ ಕ್ರೆಡಿಟ್ ಕೊಡುತ್ತದೆ. 2025-26ರಲ್ಲಿ ಒಂದು ಮಗುವಿಗೆ ತಿಂಗಳಿಗೆ 1,031 ಪೌಂಡ್‌ವರೆಗೆ! ದೊಡ್ಡ ಮೊತ್ತ. ಆದರೆ ಜೋಡಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಇಬ್ಬರೂ ಕೆಲಸದಲ್ಲಿರಬೇಕು. ಕಾಯಿಲೆ, ಅಂಗವೈಕಲ್ಯದಂಥ ಕಾರಣವಿದ್ದರೆ ಮಾತ್ರ ವಿನಾಯಿತಿ. ಕೆಲಸವಿಲ್ಲದ ಗೆಳೆಯ ಮನೆ ಸೇರಿದ ಎಂದರೆ ಆ ನೆರವು ನಿಂತಿತು! ‘ಅವನು ಮನೆಯಲ್ಲೇ ಇದ್ದಾನಲ್ಲ, ನೋಡಿಕೊಳ್ಳಲಿ’ ಎನ್ನುವುದು ನಿಯಮದ ಲೆಕ್ಕ. ಮಗು ಅವನ ತೋಳಿಗೆ ಹೋಗುತ್ತದೋ ಇಲ್ಲವೋ, ಅವನಿಗೆ ಹಾಲುಪುಡಿ ಕಲಸಲು ಬರುತ್ತದೋ ಇಲ್ಲವೋ, ಅದನ್ನು ಯಾರೂ ಕೇಳುವುದಿಲ್ಲ. ಬೆಳಗ್ಗೆ ಎಂಟಕ್ಕೆ ಮಗುವನ್ನು ನರ್ಸರಿಗೆ ಬಿಟ್ಟು ಬಸ್ಸು ಹಿಡಿಯುವ ತಾಯಿಗೆ ಇದು ಬರಗಾಲದಲ್ಲಿ ಅಧಿಕಮಾಸ!

ಮಗುವಿನ ನಿಜವಾದ ತಂದೆ ಬೇರೆ ಇದ್ದು ಪ್ರತಿ ತಿಂಗಳು ಜೀವನಾಂಶ ಕಳಿಸುತ್ತಾನೆ ಎಂದುಕೊಳ್ಳಿ. ಆ ಹಣವನ್ನು ಯುನಿವರ್ಸಲ್ ಕ್ರೆಡಿಟ್ ಆದಾಯವೆಂದು ಎಣಿಸುವುದೇ ಇಲ್ಲ! ಒಂದು ಪೆನ್ನಿಯನ್ನೂ ಕತ್ತರಿಸುವುದಿಲ್ಲ. ತಂದೆ ಕೊಡುವ ಹಣ ಲೆಕ್ಕಕ್ಕಿಲ್ಲ. ತಂದೆಯಲ್ಲದ, ಏನೂ ಕೊಡದ ಮನುಷ್ಯ ಲೆಕ್ಕಕ್ಕಿದ್ದಾನೆ! ಇನ್ನೊಮ್ಮೆ ಓದಿ ನೋಡಿ!

ಇನ್ನೂ ಇದೆ. ಅದೇ ಮನೆಯ ಒಂದು ಕೋಣೆಯನ್ನು ಪರಿಚಯವೇ ಇಲ್ಲದ ಬಾಡಿಗೆದಾರನಿಗೆ ಕೊಟ್ಟರೆ, ಅವನು ಕೊಡುವ ಬಾಡಿಗೆಯೂ ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಆದಾಯವಾಗಿ ಲೆಕ್ಕಕ್ಕೆ ಬರುವುದಿಲ್ಲ! ಬಾಡಿಗೆ ಕೊಡುವ ಅಪರಿಚಿತನಿಂದ ಭತ್ಯೆಗೆ ಧಕ್ಕೆಯಿಲ್ಲ. ಬಾಡಿಗೆ ಕೊಡಲಾಗದ ಪ್ರಿಯಕರನಿಂದ ಧಕ್ಕೆ. (ಹಾಗೆಂದು ಪ್ರಿಯಕರನನ್ನೇ ಬಾಡಿಗೆದಾರ ಎಂದು ಬರೆಸಿದರೆ ಅದು ವಂಚನೆ. ಸಿಕ್ಕಿಬಿದ್ದರೆ ಹಣ ವಾಪಸ್ಸು ಕಟ್ಟಬೇಕು, ಮೊಕದ್ದಮೆಯೂ ಆಗಬಹುದು.)

ತಿಂಗಳ ಲೆಕ್ಕದಲ್ಲೊಂದು ಚಮತ್ಕಾರ. ಪ್ರತಿಯೊಬ್ಬರಿಗೂ ಒಂದು ತಿಂಗಳ ‘ಲೆಕ್ಕದ ಅವಧಿ’ ಇರುತ್ತದೆ. ಅವನು ಆ ಅವಧಿಯ ಕೊನೆಯ ದಿನ ಬಂದು ಸೇರಿದರೂ, ಇಡೀ ತಿಂಗಳು ಜೊತೆಗಿದ್ದ ಹಾಗೆಯೇ ಲೆಕ್ಕ! ಒಂದೇ ರಾತ್ರಿ ಕಳೆದಿರುವಾಗ ಮೂವತ್ತು ರಾತ್ರಿಯ ಲೆಕ್ಕ!

ಇಬ್ಬರೂ ಸಹಿ ಹಾಕಬೇಕು, ಗೊತ್ತೇ? ಕೆಲಸ ಹುಡುಕುತ್ತೇನೆ, ಹೇಳಿದಂತೆ ನಡೆಯುತ್ತೇನೆ ಎಂಬ ಒಪ್ಪಂದಕ್ಕೆ ಜೋಡಿಯ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಒಪ್ಪಬೇಕು. ಅವನು ಹಟ ಹಿಡಿದು ಒಪ್ಪದಿದ್ದರೆ ಅವಳ ಭತ್ಯೆಯೂ ನಿಲ್ಲಬಹುದು! ನಿನ್ನೆಯವರೆಗೆ ಅವಳ ಒಂದು ಸಹಿ ಸಾಕಿತ್ತು.

ಬರುವ ಹಣವೂ ಸಾಮಾನ್ಯವಾಗಿ ಒಂದೇ ಬ್ಯಾಂಕ್ ಖಾತೆಗೆ. ಯಾರ ಖಾತೆ ಎಂದು ಅವರೇ ಮಾತಾಡಿಕೊಂಡು ಹೇಳಬೇಕು. ಇದು ಸಣ್ಣ ವಿಷಯದಂತೆ ಕಾಣುತ್ತದೆ. ಮಗುವಿನ ಶೂಗೆ ದುಡ್ಡು ಕೇಳಬೇಕಾಗಿ ಬಂದ ತಾಯಿಗೆ ಗೊತ್ತು, ಸಣ್ಣದಲ್ಲ ಎಂದು.

ಕೌನ್ಸಿಲ್ ಟ್ಯಾಕ್ಸ್ ಎಂದರೆ ನಮ್ಮ ಮನೆ ಕಂದಾಯದ ಹಾಗೆ. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ಶೇ. 25 ರಿಯಾಯಿತಿ. ಎರಡನೆಯವನು ಬಂದ, ರಿಯಾಯಿತಿ ಹೋಯಿತು!

ಹಾಗಾದರೆ ಯಾವುದೂ ಉಳಿಯುವುದಿಲ್ಲವೇ? ಉಳಿಯುತ್ತದೆ! ‘ಚೈಲ್ಡ್ ಬೆನಿಫಿಟ್’ ಎಂಬ ಮಕ್ಕಳ ಭತ್ಯೆಗೆ ಏನೂ ಆಗುವುದಿಲ್ಲ. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26 ಪೌಂಡ್ 5 ಪೆನ್ಸ್. ಬಂದವನು ವರ್ಷಕ್ಕೆ 60,000 ಪೌಂಡ್‌ಗಿಂತ ಹೆಚ್ಚು ದುಡಿಯುವವನಾದರೆ ಮಾತ್ರ ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ತೆರಿಗೆಯ ರೂಪದಲ್ಲಿ ವಾಪಸ್ಸು ಹೋಗುತ್ತದೆ. ನಮ್ಮ ಕಥೆಯ ಗೆಳೆಯನಿಗೆ ಆ ಚಿಂತೆ ಇಲ್ಲ. ಈ ಒಂದು ಕಡೆ ಬರಿಗೈಯಲ್ಲಿ ಬಂದವನೇ ಲೇಸು!

‘ವಾರದಲ್ಲಿ ಮೂರು ರಾತ್ರಿವರೆಗೆ ಉಳಿದರೆ ಪರವಾಗಿಲ್ಲ’ ಎಂಬ ಮಾತು ಬ್ರಿಟನ್ನಿನಲ್ಲಿ ಬಾಯಿಂದ ಬಾಯಿಗೆ ಹರಡಿದೆ. ಅಂಥ ನಿಯಮವೇ ಇಲ್ಲ! ರಾತ್ರಿಗಳನ್ನು ಎಣಿಸಿ ಜೋಡಿ ಯಾರೆಂದು ತೀರ್ಮಾನಿಸುವ ಪದ್ಧತಿ ಅಲ್ಲಿಲ್ಲ.

ಮತ್ತೆ ಹೇಗೆ ತೀರ್ಮಾನಿಸುತ್ತಾರೆ? ಆರು ಗುರುತುಗಳು. ಒಂದೇ ಮನೆಯಲ್ಲಿದ್ದಾರೆಯೇ? ಸಂಬಂಧ ಗಟ್ಟಿಯೇ? ಹಣಕ್ಕೆ ಒಬ್ಬರಿಗೊಬ್ಬರು ಆಸರೆಯೇ? ದೇಹ ಸಂಬಂಧ ಇದೆಯೇ? ಇಬ್ಬರ ಮಗು ಇದೆಯೇ? ಊರವರ ಕಣ್ಣಿಗೆ ಜೋಡಿಯೇ? ಯಾವುದಕ್ಕೆ ಎಷ್ಟು ಅಂಕ ಎಂದಿಲ್ಲ. ಎಲ್ಲವನ್ನೂ ಒಟ್ಟಾಗಿ ನೋಡುತ್ತಾರೆ. ಅಂದರೆ ಅವನು ಒಂದು ಪೆನ್ನಿಯನ್ನೂ ಕೊಡದಿದ್ದರೂ ಉಳಿದ ಗುರುತುಗಳ ಮೇಲೆ ಜೋಡಿ ಎನಿಸಿಕೊಳ್ಳಬಹುದು!

ಇದಕ್ಕೊಂದು ಚಂದದ ಪ್ರಕರಣ ಇದೆ. ಅಪಘಾತದಲ್ಲಿ ಪೆಟ್ಟಾದ ಮಹಿಳೆಯೊಬ್ಬರು ತಮ್ಮನ್ನು ನೋಡಿಕೊಳ್ಳಲೆಂದು ಪರಿಚಯದ ಗಂಡಸನ್ನು ಮನೆಗೆ ಕರೆಸಿಕೊಂಡರು. ಇಲಾಖೆ ‘ಗಂಡ-ಹೆಂಡಿರಂತೆ ಇದ್ದೀರಿ’ ಎಂದಿತು. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಒಪ್ಪಲಿಲ್ಲ. ಒಂದೇ ಮನೆಯಲ್ಲಿದ್ದರೆ ಸಾಲದು, ಯಾಕೆ ಒಂದೇ ಮನೆಯಲ್ಲಿದ್ದಾರೆ ಎಂದೂ ನೋಡಬೇಕು ಎಂದಿತು. ಎಷ್ಟು ಸರಿಯಾದ ಮಾತು!

ಮಹಿಳೆಯೊಬ್ಬಳು ಇನ್ನೊಬ್ಬ ಮಹಿಳೆಯನ್ನು ಪ್ರೀತಿಸಿ ಒಂದೇ ಮನೆಯಲ್ಲಿದ್ದರೆ? 2005ರ ಡಿಸೆಂಬರ್ 4ರವರೆಗೆ ಬ್ರಿಟನ್ನಿನ ಭತ್ಯೆಯ ಲೆಕ್ಕದಲ್ಲಿ ಅವರು ಜೋಡಿಯೇ ಅಲ್ಲ! ಮಗುವಿದ್ದವಳು ಒಂಟಿ ತಾಯಿ. ಮಾರನೆಯ ದಿನ, ಡಿಸೆಂಬರ್ 5ರಂದು, ಸಲಿಂಗಿಗಳ ಸಂಬಂಧಕ್ಕೆ ಮನ್ನಣೆ ಕೊಡುವ ಕಾನೂನು ಜಾರಿಗೆ ಬಂತು. ಹಕ್ಕು ಬಂತು, ಅದೇ ದಿನ ಭತ್ಯೆಯ ಲೆಕ್ಕದಲ್ಲಿ ಜೋಡಿಯ ಪಟ್ಟವೂ ಬಂತು! ಆಸ್ಟ್ರೇಲಿಯಾದಲ್ಲಿ ಅದೇ ಬದಲಾವಣೆ ಆದದ್ದು 2009ರ ಜುಲೈ 1ರಂದು.

ಈಗ ಸ್ವಲ್ಪ ನಿಧಾನಿಸಿ. ಉತ್ತರ ಐರ್ಲೆಂಡಿನ ಶಿವಾನ್ ಮೆಕ್‌ಲಾಫ್ಲಿನ್ ಎಂಬ ತಾಯಿಯ ಕಥೆ ಇದು. ಅವರು ಮತ್ತು ಅವರ ಸಂಗಾತಿ 23 ವರ್ಷ ಜೊತೆಗಿದ್ದರು. ನಾಲ್ಕು ಮಕ್ಕಳು. ಮದುವೆ ಮಾತ್ರ ಆಗಿರಲಿಲ್ಲ. 2014ರಲ್ಲಿ ಸಂಗಾತಿ ತೀರಿಕೊಂಡರು. ಗಂಡನನ್ನು ಕಳೆದುಕೊಂಡ ತಾಯಂದಿರಿಗೆ ಸಿಗುವ ಭತ್ಯೆಗೆ ಶಿವಾನ್ ಅರ್ಜಿ ಹಾಕಿದರು. ಉತ್ತರ: ‘ಮದುವೆಯಾಗಿಲ್ಲ, ಸಿಗುವುದಿಲ್ಲ.’ ನೆರವು ಕತ್ತರಿಸುವಾಗ ಮದುವೆಯಾಗದಿದ್ದರೂ ಗಂಡ-ಹೆಂಡತಿ. ನೆರವು ಕೊಡುವಾಗ ಮದುವೆಯಾಗದಿದ್ದರೆ ಯಾರೂ ಅಲ್ಲ! ಶಿವಾನ್ ಬಿಡಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2018ರ ಆಗಸ್ಟ್ 30ರಂದು ಗೆದ್ದರು! ತಂದೆ-ತಾಯಿಗೆ ಮದುವೆಯಾಗಿಲ್ಲ ಎಂದು ಮಕ್ಕಳನ್ನು ಬೇರೆಯಾಗಿ ಕಾಣುವುದು ಮಾನವ ಹಕ್ಕುಗಳಿಗೆ ವಿರುದ್ಧ ಎಂದಿತು ಕೋರ್ಟು. ಆದರೂ ಕಾನೂನು ತಿದ್ದುಪಡಿ ಜಾರಿಗೆ ಬರಲು 2023ರ ಫೆಬ್ರುವರಿ 9 ಆಗಬೇಕಾಯಿತು. ನಾಲ್ಕೂವರೆ ವರ್ಷ!

ಇದೇ ಭತ್ಯೆಯ ಇನ್ನೊಂದು ಬೆರಗು. 2017ರ ಏಪ್ರಿಲ್‌ನಲ್ಲಿ ಬಂದ ಹೊಸ ರೂಪದಲ್ಲಿ, ಸಂಗಾತಿಯನ್ನು ಕಳೆದುಕೊಂಡವರು ಹೊಸ ಸಂಗಾತಿಯ ಜೊತೆ ಇರತೊಡಗಿದರೂ, ಮರುಮದುವೆಯಾದರೂ ಕಂತುಗಳು ನಿಲ್ಲುವುದಿಲ್ಲ! ಅದರ ಹಿಂದಿನ ಭತ್ಯೆ ಈ ಎರಡರಲ್ಲಿ ಯಾವುದು ಆದರೂ ನಿಲ್ಲುತ್ತಿತ್ತು. ಒಂದು ದೇಶ ತನ್ನ ಹಳೇ ನಿಯಮವನ್ನು ಹೀಗೆ ಪೂರ್ತಿ ಮಗುಚಿ ಹಾಕುವುದು ಅಪರೂಪ. ನಮ್ಮ ಕರ್ನಾಟಕದ ವಿಧವಾ ವೇತನ ಇಂದಿಗೂ ಮರುಮದುವೆಯಾದರೆ ನಿಲ್ಲುತ್ತದೆ.

ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಇದನ್ನು ಗಮನಿಸಿ. ನೀವು ಅಲ್ಲಿ ನೆಲೆಸುವ ಹಕ್ಕು ಪಡೆದವರು, ಮಗು ನಿಮ್ಮ ಜೊತೆ. ಊರಿನಿಂದ ಸಂಗಾತಿ ವೀಸಾದ ಮೇಲೆ ಬಂದಿದ್ದಾರೆ. ಅವರ ವೀಸಾದಲ್ಲಿ ‘ಸರ್ಕಾರಿ ನೆರವು ಪಡೆಯುವಂತಿಲ್ಲ’ ಎಂಬ ಷರತ್ತಿದೆ. ಆಗ ನೀವು ಒಂಟಿ ವ್ಯಕ್ತಿಯಂತೆಯೇ ಅರ್ಜಿ ಹಾಕಬೇಕು, ಒಂಟಿ ದರವೇ ಸಿಗುವುದು. ಆದರೆ ಅವರ ಸಂಪಾದನೆ, ಉಳಿತಾಯ ಎರಡೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ! ಕೊಡುವಾಗ ಒಬ್ಬರು, ಕಳೆಯುವಾಗ ಇಬ್ಬರು!

ಸಮುದ್ರ ದಾಟಿ ನೆದರ್ಲೆಂಡ್ಸ್‌ಗೆ ಬನ್ನಿ. ಅಲ್ಲಿ ನಿಮ್ಮದೇ ವಿಳಾಸದಲ್ಲಿ ಇನ್ನೊಬ್ಬ ವಯಸ್ಕ ಹೆಸರು ನೋಂದಾಯಿಸಿ, ನಿಮ್ಮಿಬ್ಬರಲ್ಲಿ ಒಬ್ಬರ ಚಿಕ್ಕ ಮಗು ಅಲ್ಲೇ ಇದ್ದರೆ ನೀವಿಬ್ಬರೂ ‘ಭತ್ಯೆಯ ಜೊತೆಗಾರರು’! ಪ್ರೀತಿ ಇದೆಯೇ ಎಂದು ಕೇಳುವುದೇ ಇಲ್ಲ. ಒಂಟಿ ಪೋಷಕರ ಹೆಚ್ಚುವರಿ ಮೊತ್ತ ಹೋಯಿತು. ಬರೀ ಬಾಡಿಗೆದಾರ ಎಂದು ತೋರಿಸಲು ಬರಹದ ಬಾಡಿಗೆ ಕರಾರು ಬೇಕು. ಪ್ರೇಮಕ್ಕಲ್ಲ, ಪ್ರೇಮ ಇಲ್ಲದ್ದಕ್ಕೆ ದಾಖಲೆ!

ಜರ್ಮನಿಯಲ್ಲಿ ಒಂದು ವರ್ಷ. ಹೊಸ ಸಂಗಾತಿಯ ಜೊತೆ ವರ್ಷ ದಾಟಿ ವಾಸಿಸಿದರೆ ‘ಒಬ್ಬರಿಗೊಬ್ಬರು ಆಗಿಬರುವವರು’ ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ಸಾಧಿಸುವ ಹೊಣೆ ನಿಮ್ಮದು. ಇಬ್ಬರದೇ ಮಗು ಜೊತೆಗಿದ್ದರೆ ವರ್ಷ ಕಾಯುವುದೂ ಇಲ್ಲ. ನಾರ್ವೆಯಲ್ಲಿ ಒಂಟಿ ಪೋಷಕರ ಹೆಚ್ಚುವರಿ ಮಕ್ಕಳ ಭತ್ಯೆಗೆ ಲೆಕ್ಕ ಬೇರೆ: ಹಿಂದಿನ 18 ತಿಂಗಳಲ್ಲಿ 12 ತಿಂಗಳು ಜೊತೆಗಿದ್ದರೆ ಜೋಡಿ. ಎಷ್ಟು ಖಚಿತ!

ಜರ್ಮನಿಯದ್ದೇ ಇನ್ನೊಂದು ಕೇಳಿ. ತಂದೆ ಜೀವನಾಂಶ ಕೊಡದಿದ್ದರೆ ಸರ್ಕಾರವೇ ಮುಂಗಡವಾಗಿ ಕೊಡುವ ಯೋಜನೆ ಅಲ್ಲಿದೆ. ತಾಯಿ ಹೊಸ ಗೆಳೆಯನ ಜೊತೆ ಒಂದೇ ಮನೆಯಲ್ಲಿದ್ದರೂ ಅದು ಬರುತ್ತದೆ. ಅದೇ ಗೆಳೆಯನನ್ನು ಮದುವೆಯಾದರೆ ನಿಂತುಹೋಗುತ್ತದೆ! ಮನೆ ಅದೇ, ಮನುಷ್ಯ ಅದೇ, ಬದಲಾದದ್ದು ಒಂದು ಕಾಗದ!

ಆಸ್ಟ್ರೇಲಿಯಾದಲ್ಲಿ ಮಗುವಿನ ವಯಸ್ಸೇ ಎಲ್ಲ. ಒಂಟಿ ಪೋಷಕರಿಗೆ ಭತ್ಯೆ ಕಿರಿಯ ಮಗುವಿಗೆ 14 ತುಂಬುವವರೆಗೆ. 2023ರ ಸೆಪ್ಟೆಂಬರ್ 20ಕ್ಕೆ ಮುಂಚೆ ಅದು 8 ಆಗಿತ್ತು. ಸಂಗಾತಿ ಇದ್ದವರಿಗೆ? ಮಗುವಿಗೆ 6 ತುಂಬುವವರೆಗೆ ಮಾತ್ರ! ಮಗುವಿಗೆ ಏಳು ವರ್ಷ, ಕೆಲಸವಿಲ್ಲದ ಗೆಳೆಯ ಮನೆಗೆ ಬಂದ ಎಂದರೆ ಆ ತಾಯಿ ಪೋಷಕರ ಭತ್ಯೆಯಿಂದಲೇ ಹೊರಗೆ, ನಿರುದ್ಯೋಗ ಭತ್ಯೆಯ ಸಾಲಿಗೆ. ಇಂತಿಷ್ಟು ದಿನ ಒಟ್ಟಿಗಿರಬೇಕು ಎಂಬ ಲೆಕ್ಕವೂ ಅಲ್ಲಿಲ್ಲ. ಐರ್ಲೆಂಡಿನಲ್ಲಿ ಒಂಟಿ ಪೋಷಕರ ಭತ್ಯೆ ಸಾಮಾನ್ಯವಾಗಿ ಮಗುವಿಗೆ 7 ತುಂಬುವವರೆಗೆ. ಸಂಗಾತಿ ಬಂದು ನೆಲೆಸಿದರೆ ಅದೂ ಕೊನೆ.

ನ್ಯೂಜಿಲೆಂಡಿನ ತೀರ್ಪೊಂದು ಹೃದಯ ತಟ್ಟುತ್ತದೆ. ರುಕಾ ಎಂಬ ಮಹಿಳೆ ತನ್ನನ್ನು ವರ್ಷಗಟ್ಟಲೆ ಹೊಡೆದು ಹಿಂಸಿಸಿದ ಗಂಡಸಿನ ಜೊತೆಗಿದ್ದಳು. ಅವನು ಸಂಸಾರಕ್ಕೆ ಆಸರೆಯಾದವನಲ್ಲ. ಆದರೂ ‘ಜೋಡಿಯಾಗಿದ್ದು ಒಂಟಿ ಎಂದು ಭತ್ಯೆ ಪಡೆದೆ’ ಎಂದು ಅವಳಿಗೆ ವಂಚನೆಯ ಶಿಕ್ಷೆಯಾಯಿತು. 1990ರ ದಶಕದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು! ಜೊತೆಯಾಗಿ ಬಾಳುವ ಮನಸ್ಸೂ ಇರಬೇಕು, ಹಣದ ಆಸರೆಯೂ ಇರಬೇಕು, ಎರಡೂ ಇಲ್ಲದಿದ್ದರೆ ಅದು ದಾಂಪತ್ಯದಂಥ ಸಂಬಂಧವಲ್ಲ ಎಂದಿತು. ಹೊಡೆಸಿಕೊಂಡು ಬದುಕಿದ್ದನ್ನು ಸಂಸಾರ ಎನ್ನಲಿಲ್ಲವಲ್ಲ, ಓದಿ ಮನಸ್ಸು ಹಗುರಾಯಿತು.

ಈಗ ಅಮೆರಿಕ. ಇಲ್ಲಿ ಕಥೆ ತಲೆಕೆಳಗು! 1935ರಲ್ಲಿ ಅಲ್ಲಿ ಬಡ ಮಕ್ಕಳಿಗೆ ನೆರವು ಶುರುವಾದಾಗ ಷರತ್ತು ಹೀಗಿತ್ತು: ಪೋಷಕರಲ್ಲೊಬ್ಬರು ತೀರಿಕೊಂಡಿರಬೇಕು, ಮನೆ ಬಿಟ್ಟು ಹೋಗಿರಬೇಕು, ಇಲ್ಲವೇ ದುಡಿಯುವ ಶಕ್ತಿ ಕಳೆದುಕೊಂಡಿರಬೇಕು. ಗಟ್ಟಿಮುಟ್ಟಾದ ತಂದೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತರೆ? ಮಕ್ಕಳಿಗೆ ಏನೂ ಇಲ್ಲ! ಅವನು ಮನೆ ಬಿಟ್ಟು ಹೋದರೆ ಮಕ್ಕಳಿಗೆ ಊಟ! 1961ರಲ್ಲಿ ಮಾತ್ರ, ಬಯಸುವ ರಾಜ್ಯಗಳು ನಿರುದ್ಯೋಗಿ ತಂದೆಯಿರುವ ಮನೆಗೂ ಕೊಡಬಹುದು ಎಂದಾಯಿತು.

‘ನಿರುದ್ಯೋಗಿ’ ಎಂದರೆ ಯಾರು? ಮುಂದೆ ಬಂದ ನಿಯಮದಲ್ಲಿ, ತಿಂಗಳಿಗೆ 100 ಗಂಟೆಗಿಂತ ಕಡಿಮೆ ದುಡಿಯುವವನು ಎಂದಿತ್ತು. ನೂರು ಗಂಟೆ ಮುಟ್ಟಿತೋ, ಕೂಲಿ ಎಷ್ಟೇ ಕಡಿಮೆ ಇರಲಿ, ನೆರವು ಹೋಯಿತು!

ತಂದೆ ನಿರುದ್ಯೋಗಿಯಾದರೆ ಕುಟುಂಬಕ್ಕೆ ನೆರವು, ದುಡಿದು ಸಾಕುತ್ತಿದ್ದ ತಾಯಿ ನಿರುದ್ಯೋಗಿಯಾದರೆ ಇಲ್ಲ! ಇದು ಅಮೆರಿಕದ ಕಾನೂನಿನಲ್ಲೇ ಇತ್ತು. 1979ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಭೇದವನ್ನು ತೆಗೆದು ಹಾಕಿತು. ಮನುಷ್ಯ ಚಂದ್ರನ ಮೇಲೆ ಇಳಿದು ಹತ್ತು ವರ್ಷವಾಗಿತ್ತು!

1963ರ ಜನವರಿಯ ಒಂದು ಭಾನುವಾರ ಬೆಳ್ಳಂಬೆಳಗ್ಗೆ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ ನೆರವು ಪಡೆಯುವ ತಾಯಂದಿರ ಮನೆಗಳ ಮೇಲೆ ಸಾಮೂಹಿಕ ದಾಳಿ ನಡೆಯಿತು. ನೌಕರರು ಜೋಡಿಜೋಡಿಯಾಗಿ ಹೋದರು. ಒಬ್ಬ ಮುಂಬಾಗಿಲಿಗೆ, ಇನ್ನೊಬ್ಬ ಹಿಂಬಾಗಿಲಿಗೆ. ಹಾಸಿಗೆ, ಬಟ್ಟೆಯ ಬೀರು, ಬಚ್ಚಲು ಎಲ್ಲ ತಡಕಾಡಿ ಹುಡುಕಿದ್ದು ಏನನ್ನು? ಗಂಡಸನ್ನು! ಬೆನ್ನಿ ಪ್ಯಾರಿಶ್ ಎಂಬ ನೌಕರ ‘ನಾನು ಹೋಗುವುದಿಲ್ಲ’ ಎಂದ. ಕೆಲಸ ಹೋಯಿತು. 1967ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು! ಆ ಭಾನುವಾರ ನಿದ್ದೆಗಣ್ಣಿನಲ್ಲಿ ಎದ್ದು ಕೂತ ಮಕ್ಕಳನ್ನು ನೆನೆದರೆ ಆ ಒಬ್ಬ ಮನುಷ್ಯನಿಗೆ ಕೈ ಮುಗಿಯಬೇಕೆನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಕಥೆ ಅಲಬಾಮಾದ್ದು. 1964ರ ಜೂನ್‌ನಲ್ಲಿ ಆ ರಾಜ್ಯ ‘ಬದಲಿ ತಂದೆ’ ಎಂಬ ನಿಯಮ ತಂದಿತು. ತಾಯಿಯ ಜೊತೆ ಸಂಬಂಧವಿರುವ ಯಾವುದೇ ಗಂಡಸು ಮಕ್ಕಳಿಗೆ ತಂದೆಯ ಬದಲಿ! ಅವನು ಆ ಮನೆಯಲ್ಲಿ ಇರಬೇಕೆಂದಿಲ್ಲ. ಬಂದು ಹೋದರೂ ಸಾಕು. ಮನೆಗೇ ಬಾರದೆ ಬೇರೆ ಕಡೆ ಭೇಟಿಯಾದರೂ ಸಾಕು! ಕೆಲಸವಿಲ್ಲ, ಕಾಸಿಲ್ಲ, ಮಕ್ಕಳ ಹೆಸರೂ ತಿಳಿಯದು, ಆದರೂ ಅವನೇ ತಂದೆ. ಮಕ್ಕಳ ನೆರವು ಬಂದ್.

ಎಷ್ಟು ದಿನಕ್ಕೊಮ್ಮೆ ಭೇಟಿಯಾದರೆ ಬದಲಿ ತಂದೆ? ಅಧಿಕಾರಿಗಳನ್ನೇ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ವಾರಕ್ಕೊಮ್ಮೆ ಎಂದರು. ಇನ್ನೊಬ್ಬರು ಮೂರು ತಿಂಗಳಿಗೊಮ್ಮೆ. ಮತ್ತೊಬ್ಬರು ಆರು ತಿಂಗಳಿಗೊಮ್ಮೆಯೂ ಸಾಕು ಎಂದರು!

ತಾಯಿ ಗರ್ಭಿಣಿಯಾಗಿದ್ದರೆ, ಇಲ್ಲವೇ ಆರು ತಿಂಗಳೊಳಗಿನ ಕೂಸಿದ್ದರೆ, ಅದೇ ಮೇಲುನೋಟದ ಸಾಕ್ಷಿ! ಸಂಬಂಧ ಮುಗಿಯಿತು ಎಂದು ತೋರಿಸಬೇಕಾದವಳು ತಾಯಿ. ಅವಳ ಮಾತಿಗೆ ಇಬ್ಬರು ಸಾಕ್ಷಿ ಬೇಕು. ಯಾರು ಆಗಬಹುದು? ಪೊಲೀಸರು, ಪಾದ್ರಿ, ನೆರೆಹೊರೆಯವರು, ದಿನಸಿ ಅಂಗಡಿಯವರು. ಅಕ್ಕಿ-ಬೇಳೆ ಕೊಡುವ ಅಂಗಡಿಯವನ ಮುಂದೆ ನಿಂತು ತನ್ನ ಪ್ರೇಮ ಮುರಿದುಬಿತ್ತೆಂದು ಬರೆದುಕೊಡಿ ಎಂದು ಕೇಳುವ ತಾಯಿಯನ್ನು ಊಹಿಸಿಕೊಳ್ಳಿ!

1967ರ ಜನವರಿ ಹೊತ್ತಿಗೆ ನೆರವು ಪಡೆಯುವ ಮಕ್ಕಳ ಸಂಖ್ಯೆ ಅಲಬಾಮಾದಲ್ಲಿ ಸುಮಾರು 16,000 ಇಳಿದಿತ್ತು. ನೂರಕ್ಕೆ 22 ಮಕ್ಕಳು!

ಇದನ್ನು ಎದುರಿಸಿ ನಿಂತವರು ಅಲ್ಲಿನ ಡಲ್ಲಾಸ್ ಕೌಂಟಿಯ ಶ್ರೀಮತಿ ಸ್ಮಿತ್. 14, 12, 11, 9 ವಯಸ್ಸಿನ ನಾಲ್ಕು ಮಕ್ಕಳ ತಾಯಿ. ಬೆಳಗಿನ ಜಾವ ಮೂರೂವರೆಗೆ ಕೆಲಸ ಶುರು, ಮಧ್ಯಾಹ್ನ ಹನ್ನೆರಡಕ್ಕೆ ಬಿಡುವು. ಅಡುಗೆ ಮಾಡಬೇಕು, ಬಡಿಸಬೇಕು. ವಾರದ ಕೂಲಿ 16ರಿಂದ 20 ಡಾಲರ್. ವಾರಾಂತ್ಯಕ್ಕೆ ವಿಲಿಯಮ್ಸ್ ಎಂಬಾತ ಬಂದು ಹೋಗುತ್ತಿದ್ದ. ಅವನಿಗೆ ತನ್ನದೇ ಹೆಂಡತಿ, ತನ್ನದೇ ಒಂಬತ್ತು ಮಕ್ಕಳು! ಆ ಒಂಬತ್ತು ಬಾಯಿಗೆ ಹಾಕಬೇಕಾದವನು ಈ ನಾಲ್ಕು ಮಕ್ಕಳಿಗೂ ತಂದೆ ಎಂದು ಕಾಗದದಲ್ಲಿ ಬರೆದಾಯಿತು. 1966ರ ಅಕ್ಟೋಬರ್‌ನಲ್ಲಿ ಶ್ರೀಮತಿ ಸ್ಮಿತ್ ಅವರ ನೆರವು ನಿಂತಿತು.

ಅವರು ಕೋರ್ಟಿಗೆ ಹೋದರು. 1968ರ ಜೂನ್ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಒಬ್ಬ ನ್ಯಾಯಮೂರ್ತಿಯೂ ವಿರೋಧಿಸಲಿಲ್ಲ! ಮಕ್ಕಳನ್ನು ಸಾಕುವ ಕಾನೂನಿನ ಹೊಣೆ ಯಾರ ಮೇಲಿದೆಯೋ ಅವನೇ ಪೋಷಕ, ತಾಯಿಯ ಗೆಳೆಯನೆಲ್ಲ ಪೋಷಕನಲ್ಲ ಎಂದಿತು ಕೋರ್ಟು. ಮೂರೂವರೆಗೇ ಒಲೆ ಹಚ್ಚುವ ಒಬ್ಬ ತಾಯಿ ಒಂದು ರಾಜ್ಯದ ನಿಯಮವನ್ನೇ ಮಣಿಸಿದಳು!

ಒಲೆ ಎಂದಾಗ ಕೊನೆಗೊಂದು. ಅಮೆರಿಕದ ಈಗಿನ ಆಹಾರ ನೆರವಾದ ‘ಸ್ನ್ಯಾಪ್’ನಲ್ಲಿ ಮದುವೆಯಾಗದ ಜೋಡಿ ಒಂದೇ ಮನೆಯಲ್ಲಿದ್ದರೂ, ಇಬ್ಬರ ಮಗು ಇಲ್ಲದಿದ್ದರೆ, ದಿನಸಿ ಬೇರೆ ತಂದು ಅಡುಗೆ ಬೇರೆ ಮಾಡಿಕೊಂಡರೆ, ಅವರು ಎರಡು ಬೇರೆ ಕುಟುಂಬಗಳು! ಮಂಚವಲ್ಲ, ಅಡುಗೆಮನೆಯೇ ಪ್ರಮಾಣ. ಇದನ್ನು ಎಲ್ಲೋ ಕೇಳಿದ ಹಾಗಿದೆಯೇ? ಕೇಳಿಯೇ ಇರುತ್ತೀರಿ! ನಮ್ಮ ಜನಗಣತಿಯವರು ಬಾಗಿಲಿಗೆ ಬಂದು ‘ಇಲ್ಲಿ ಎಷ್ಟು ಕುಟುಂಬ’ ಎಂದು ಬರೆದುಕೊಳ್ಳುವಾಗ ನೋಡುವುದೂ ಅದನ್ನೇ: ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅಣ್ಣ-ತಮ್ಮ ಒಂದೇ ಹಂಚಿನ ಮಾಡಿನ ಕೆಳಗಿದ್ದರೂ ಒಲೆ ಬೇರೆಯಾದರೆ ಅವರು ಎರಡು ಕುಟುಂಬ!